ಬಜಪೆಯಿಂದ ದುಬೈ ಎಷ್ಟು ದೂರ?

ಪ್ರೀತಿಯ ಅಳಿಯನಿಗೆ,

ದುಬೈಯಲ್ಲಿ ಕೆಲಸ ಸಿಕ್ಕಿತೆಂದು ಅಕ್ಕ ಫೋನಿನಲ್ಲಿ ಹೇಳಿದಳು, ತುಂಬ ಸಂತೋಷವಾಯಿತು. "ಮೂರೂವರೆ ಗಂಟೆ ಅಷ್ಟೇ, ಬೆಂಗಳೂರಿಗೆ ಹೋದಷ್ಟೂ ಹೊತ್ತಿಲ್ಲ, ಬೇಕೆಂದಾಗ ಬರ್ತೇನೆ ಅಂದಿದ್ದಾನೆ" ಎಂದೂ ಹೇಳಿದಳು. ಅವಳು ಅದನ್ನು ಪೂರ್ತಿ ನಂಬಿದ್ದಾಳೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಬಜಪೆ ವಿಮಾನ ನಿಲ್ದಾಣದಿಂದ ದುಬೈಗೆ 2,400 ಕಿ.ಮೀ.ಗಿಂತ ತುಸು ಹೆಚ್ಚು. ಹಾರಾಟದ ಹೊತ್ತು ನೀನು ಹೇಳಿದಷ್ಟೇ. ಬರುವಾಗ ಪಶ್ಚಿಮದ ಮೇಲ್ಗಾಳಿ ಬೆನ್ನಿಗೆ ಸಿಕ್ಕಿದರೆ ಇನ್ನೂ ಸ್ವಲ್ಪ ಬೇಗ. ಆದರೆ ಟಿಕೆಟ್ ನೋಡಿದರೆ ಹೋಗಲು ಎರಡೇ ಗಂಟೆ, ಬರಲು ಐದು ಗಂಟೆಯ ಹತ್ತಿರ ಎಂಬಂತೆ ಕಾಣುತ್ತದೆ. ಅಲ್ಲಿನ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ, ಟಿಕೆಟ್ಟಿನಲ್ಲಿ ಆಯಾ ಊರಿನ ಸಮಯ ಹಾಕಿರುತ್ತಾರೆ. ತಾರೀಕನ್ನೂ ಎರಡು ಸಲ ನೋಡು. 15ನೇ ತಾರೀಕು 00:30 ಎಂದಿದ್ದರೆ 14ರ ರಾತ್ರಿ ಒಂಬತ್ತೂವರೆಗೇ ನೀನು ಬಜಪೆಯಲ್ಲಿರಬೇಕು. 15ರ ರಾತ್ರಿ ಹೋಗಿ ವಿಮಾನ ತಪ್ಪಿಸಿಕೊಂಡವರಿದ್ದಾರೆ.

ಇನ್ನು ಮನೆ ಬಾಗಿಲಿನಿಂದ ಲೆಕ್ಕ ಹಾಕು. ಕುಂದಾಪುರದಿಂದ ಬಜಪೆಗೆ ಎರಡು ತಾಸು, ಅಲ್ಲಿ ಮೂರು ತಾಸು ಮುಂಚೆ. ಇಳಿದ ಮೇಲೆ ಇಮಿಗ್ರೇಷನ್ ಸಾಲು, ಲಗೇಜು, ಟ್ಯಾಕ್ಸಿ. ರೂಮು ಸೇರುವಾಗ ಹತ್ತು ಹನ್ನೊಂದು ತಾಸು ಕಳೆದಿರುತ್ತದೆ. ಮಳೆಗಾಲದಲ್ಲಿ ಇನ್ನೂ ಕಷ್ಟ. ಗುಡ್ಡದ ತಲೆ ಸಮತಟ್ಟು ಮಾಡಿ ಕಟ್ಟಿದ ರನ್‌ವೇ ನಮ್ಮದು, ಮೋಡ ಕವಿದು ಕಾಣದಿದ್ದರೆ ವಿಮಾನವನ್ನು ಬೇರೆ ಊರಿಗೆ ತಿರುಗಿಸುತ್ತಾರೆ. ಹಾಗೆ ಮಾಡುವುದೇ ಸರಿ, 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಇಳಿಯುವಾಗ ದುರಂತಕ್ಕೀಡಾಗಿ 158 ಜನರನ್ನು ಕಳೆದುಕೊಂಡ ಊರು ನಮ್ಮದು. ಜುಲೈಯಲ್ಲಿ ಯಾರದಾದರೂ ಮದುವೆಗೆ ಬರುವುದಾದರೆ ಹಿಂದಿನ ದಿನಕ್ಕೆ ಟಿಕೆಟ್ ಮಾಡಬೇಡ, ಎರಡು ದಿನ ಮುಂಚೆಯೇ ಬಾ.

ನಿಜ, ಹಿಂದಿನವರ ಪಾಡು ನಿಮಗಿಲ್ಲ. 2006ರಲ್ಲಿ ಬಜಪೆಯಿಂದ ನೇರ ವಿಮಾನ ಶುರುವಾಗುವ ತನಕ ನಮ್ಮವರು ಬಸ್ಸಿನಲ್ಲಿ ಮುಂಬೈಗೆ ಹೋಗಿ ಅಲ್ಲಿಂದ ಹಾರುತ್ತಿದ್ದರು. ಅದಕ್ಕೂ ಹಿಂದಿನವರು ಹಡಗು ಹತ್ತಿದವರು.

ಆದರೂ ದೂರ ಮಾಡುವುದು ಸಮುದ್ರಕ್ಕಿಂತ ರಜೆ. ಒಂದು ವರ್ಷ ತುಂಬಿದ ಮೇಲೆ ವರ್ಷಕ್ಕೆ 30 ದಿನ ಎನ್ನುತ್ತದೆ ಅಲ್ಲಿನ ಕಾರ್ಮಿಕ ಕಾನೂನು, ಅದು ಯಾವಾಗ ಎಂಬುದು ಕಂಪನಿಯ ಅನುಕೂಲದಂತೆ. ತಂದೆ ತಾಯಿ ತೀರಿಕೊಂಡರೆ ಸಂಬಳ ಸಹಿತ ಮೂರು ದಿನ. ಬರಲು ಒಂದು, ಮರಳಲು ಒಂದು ಕಳೆದರೆ ಉಳಿಯುವುದೆಷ್ಟು? ಬೊಜ್ಜದ, ಅಂದರೆ ಉತ್ತರಕ್ರಿಯೆಯ ತನಕ ನಿಲ್ಲಬೇಕಾದರೆ ವಾರ್ಷಿಕ ರಜೆಯಿಂದಲೇ ಕೇಳಿ ತೆಗೆದುಕೊಳ್ಳಬೇಕು. ಇದನ್ನು ಬರೆಯಲು ನನಗೆ ಮನಸ್ಸಿಲ್ಲ, ಆದರೆ ಹೋಗುವ ಮುಂಚೆ ನಿನಗೆ ಗೊತ್ತಿರಬೇಕು.

ಹಾಗಾಗಿ ಮೊದಲ ಸಂಬಳದಿಂದಲೇ ತುರ್ತಿಗೆಂದು ಒಂದು ಟಿಕೆಟ್ಟಿನ ದುಡ್ಡು ಬೇರೆ ಇಡು, ಅದನ್ನು ಯಾರಿಗೂ ಸಾಲ ಕೊಡಬೇಡ. ಪಾಸ್‌ಪೋರ್ಟ್ ನಿನ್ನ ಕೈಯಲ್ಲೇ ಇರಲಿ, ಕೆಲಸ ಕೊಟ್ಟವರು ಅದನ್ನು ಇಟ್ಟುಕೊಳ್ಳುವಂತಿಲ್ಲ, ಅಲ್ಲಿನ ಕಾನೂನೇ ಅದನ್ನು ಒಪ್ಪುವುದಿಲ್ಲ. ಆಫರ್ ಲೆಟರಿನಲ್ಲಿ ರಜೆಯ ಬಗ್ಗೆ, ಊರಿಗೆ ಬರುವ ಟಿಕೆಟ್ಟಿನ ಬಗ್ಗೆ ಏನು ಬರೆದಿದ್ದಾರೆಂದು ಸಹಿ ಹಾಕುವ ಮುಂಚೆ ನಿಧಾನವಾಗಿ ಓದು. ಅರ್ಥವಾಗದ ಸಾಲಿದ್ದರೆ ಫೋಟೋ ತೆಗೆದು ನನಗೆ ಕಳಿಸು, ಕೂತು ನೋಡೋಣ.

ನಿನ್ನ ಸೋದರಮಾವ