ಅಂಚೆಯ ಚಿತ್ರಕಲೆ

ಅಪೊಸ್ತಲನಾದ ಪೌಲನು ಕೊಲೊಸ್ಸೆಯ ಸಭೆಗೆ ಬರೆದ ಪತ್ರಿಕೆಯ ಕೊನೆಯ ಅಧ್ಯಾಯದಲ್ಲಿ ಒಂದು ಚಿಕ್ಕ ಅಪ್ಪಣೆಯುಂಟು. ಆ ಪತ್ರಿಕೆಯನ್ನು ಅವರು ಓದಿಕೊಂಡ ಮೇಲೆ ಲವೊದಿಕೀಯದ ಸಭೆಯಲ್ಲಿಯೂ ಓದಿಸಬೇಕು. ಲವೊದಿಕೀಯದಿಂದ ಬರುವುದನ್ನು ಇವರು ತರಿಸಿ ಓದಬೇಕು. ರೋಮಾಪುರದವರಿಗೆ ಹೋದ ಪತ್ರಿಕೆಯಲ್ಲಿ, ಬರೆದ ಕೈ ತನ್ನದೆಂದು ತೆರ್ತ್ಯನು ನಡುವೆ ಬಂದು ತಾನೂ ವಂದನೆ ಹೇಳುತ್ತಾನೆ. ಅದನ್ನು ಕೊಂಡೊಯ್ದವಳು ಫೊಯಿಬೆಯೆಂಬ ಸಹೋದರಿಯೆಂದು ಪಂಡಿತರಲ್ಲಿ ಬಹುಮಂದಿ ಎಣಿಸುತ್ತಾರೆ. ಗಲಾತ್ಯದವರಿಗೆ ಬರೆಯುವಾಗಲಾದರೋ ಪೌಲನು ತನ್ನ ಕೈಬರಹದ ದೊಡ್ಡ ಅಕ್ಷರಗಳನ್ನೇ ಎತ್ತಿ ತೋರಿಸುವನು. ಹೀಗೆ ಹೇಳಿದವನೊಬ್ಬ, ಬರೆದವನೊಬ್ಬ, ಹೊತ್ತವಳೊಬ್ಬಳು, ಓದಿ ಮುಂದಕ್ಕೆ ಕಳುಹಿಸಿದವರು ಹಲವರು ಸೇರಿ ಒಂದು ಕಾಗದವಾಯಿತು. ಭಾನುವಾರದ ಶಾಲೆಯಲ್ಲಿ ಈ ವಚನಗಳನ್ನು ಕಂಠಪಾಠ ಮಾಡಿದ ನಮ್ಮ ವಾಚಕಿಯರು, ಇವುಗಳಿಗೂ ಚಿತ್ರಕಲೆಗೂ ಏನು ಸಂಬಂಧವೆಂದು ಕೇಳಬಹುದು. ಸಂಬಂಧವುಂಟು, ಅದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಇಪ್ಪತ್ತನೆಯ ಶತಮಾನದ ಮಧ್ಯಭಾಗದಿಂದೀಚೆಗೆ ಅನೇಕ ದೇಶಗಳ ಚಿತ್ರಕಾರರು ಒಂದು ಹೊಸ ರೂಢಿಯನ್ನು ಕೈಕೊಂಡಿರುವರು. ಚಿತ್ರವನ್ನು ಚೌಕಟ್ಟಿಗೆ ಹಾಕಿ ಗೋಡೆಗೆ ತೂಗಿಸುವುದರ ಬದಲು, ಕಾರ್ಡಿನ ಮೇಲೆಯೋ ಲಕೋಟೆಯ ಮೇಲೆಯೋ ಬರೆದು, ಅಂಚೆ ಚೀಟಿ ಅಂಟಿಸಿ, ಗುರುತಿದ್ದವರಿಗೂ ಗುರುತಿಲ್ಲದವರಿಗೂ ಕಳುಹಿಸುವುದು. ಪಡೆದವರು ಅದಕ್ಕೆ ತಮ್ಮದೊಂದು ಗೆರೆಯನ್ನೋ ಮಾತನ್ನೋ ಸೇರಿಸಿ ಹಿಂದಕ್ಕೋ ಮುಂದಕ್ಕೋ ಕಳುಹಿಸುವುದು. ಇದನ್ನು ಮೇಲ್ ಆರ್ಟ್ ಎನ್ನುತ್ತಾರೆ. ನಾವು ಅಂಚೆಯ ಕಲೆಯೆಂದು ಕರೆಯೋಣ.

ಇದರ ಮೂಲಪುರುಷನೆಂದು ಸಾಮಾನ್ಯವಾಗಿ ಹೆಸರಿಸಲ್ಪಡುವವನು ಅಮೆರಿಕಾದ ರೇ ಜಾನ್ಸನ್ (1927-1995). ಇವನು 1950ರ ದಶಕದಿಂದಲೇ ಕತ್ತರಿಸಿ ಅಂಟಿಸಿದ ಸಣ್ಣ ಸಣ್ಣ ಚಿತ್ರಗಳನ್ನು ಸ್ನೇಹಿತರಿಗೆ ಕಳುಹಿಸಿ, ಇದಕ್ಕೆ ಏನಾದರೂ ಸೇರಿಸಿ ಇಂಥವರಿಗೆ ಕಳುಹಿಸಿರೆಂದು ಸೂಚಿಸುತ್ತಿದ್ದನು. 1962ರಲ್ಲಿ ಅವನ ಮಿತ್ರನೊಬ್ಬನು ಈ ಬಳಗಕ್ಕೆ ನ್ಯೂಯಾರ್ಕ್ ಕರೆಸ್ಪಾಂಡೆನ್ಸ್ ಸ್ಕೂಲ್ ಎಂದು ಹೆಸರಿಟ್ಟನು. ಜಾನ್ಸನ್ನನು ಆ ಮಾತಿನ ಕೊನೆಯನ್ನು ಬೇಕೆಂದೇ ತಪ್ಪಾಗಿ ಬರೆದು, ಅದರೊಳಗೆ 'ಡ್ಯಾನ್ಸ್', ಅಂದರೆ ನೃತ್ಯ, ಕಾಣಿಸುವಂತೆ ಮಾಡಿದನು. ನಮ್ಮ ಇಂಗ್ಲಿಷ್ ಉಪಾಧ್ಯಾಯಿನಿಯರು ಕೆಂಪು ಶಾಯಿಯಿಂದ ಗುರುತು ಮಾಡದೆ ಬಿಡುತ್ತಿರಲಿಲ್ಲ! 1970ರಲ್ಲಿ ನ್ಯೂಯಾರ್ಕಿನ ವಿಟ್ನಿ ವಸ್ತುಸಂಗ್ರಹಾಲಯದಲ್ಲಿ ಈ ಬಳಗದ ಪ್ರದರ್ಶನ ನಡೆದಾಗ, ಗೋಡೆಗೇರಿದುದು ಜಾನ್ಸನ್ನನ ಕೃತಿಗಳಲ್ಲ, ಅವನಿಗೆ ಕಾಗದ ಬರೆದವರು ಕಳುಹಿಸಿದವುಗಳು.

ಮುಂದೆ ಇಂತಹ ಪ್ರದರ್ಶನಗಳಿಗೆ ಕೆಲವು ಕಟ್ಟಳೆಗಳು ರೂಢಿಯಿಂದಲೇ ಬೆಳೆದುವು. ಪ್ರವೇಶಕ್ಕೆ ಶುಲ್ಕವಿಲ್ಲ, ಆರಿಸುವ ಪಂಚಾಯಿತರಿಲ್ಲ, ಬಂದುದೆಲ್ಲವನ್ನೂ ಇಡತಕ್ಕದ್ದು, ಕೃತಿಯನ್ನು ಹಿಂದಿರುಗಿಸುವುದಿಲ್ಲ, ಆದರೆ ಕಳುಹಿಸಿದ ಪ್ರತಿಯೊಬ್ಬರಿಗೂ ಭಾಗವಹಿಸಿದವರೆಲ್ಲರ ಪಟ್ಟಿಯನ್ನು ಕಳುಹಿಸತಕ್ಕದ್ದು. ಈ ಕೊನೆಯ ಕಟ್ಟಳೆಯೇ ಎಲ್ಲಕ್ಕಿಂತ ಮುಖ್ಯವಾದುದೆಂದು ನಮಗೆ ತೋರುತ್ತದೆ. ಪಟ್ಟಿ ಕೈಗೆ ಬಂದವಳಿಗೆ ನಾಳೆ ಬರೆಯಲು ನೂರು ವಿಳಾಸಗಳಿರುತ್ತವೆ.

ಒಂದು ಉದಾಹರಣೆಯನ್ನು ಸ್ವಲ್ಪ ವಿವರವಾಗಿ ಹೇಳುವೆವು. ಅದು ಒಬ್ಬ ಮಹಿಳೆಯ ಕೆಲಸವಾದ್ದರಿಂದ ನಮ್ಮ ಪುಟಗಳಿಗೆ ಹೆಚ್ಚು ಒಪ್ಪುವುದು. ಜಪಾನಿನ ಮಿಯೆಕೊ ಶಿಯೋಮಿ ಸಂಗೀತಗಾರ್ತಿ, 1938ರಲ್ಲಿ ಹುಟ್ಟಿದವರು. 1965ರಲ್ಲಿ ಈಕೆ ಅನೇಕ ದೇಶಗಳಲ್ಲಿದ್ದ ಕಲಾವಿದರಿಗೆ ಒಂದೊಂದು ಆಮಂತ್ರಣವನ್ನು ಅಂಚೆಯಲ್ಲಿ ಕಳುಹಿಸಿದರು. ಚೀಟಿಯ ಮೇಲೆ ಒಂದು ಮಾತನ್ನು ಬರೆದು ಎಲ್ಲಿಯಾದರೂ ಇಟ್ಟುಬಿಡಿರಿ. ಏನು ಬರೆದಿರಿ, ಎಲ್ಲಿ ಇಟ್ಟಿರಿ ಎಂಬುದನ್ನು ನನಗೆ ತಿಳಿಸಿರಿ, ಎಂಬುದೇ ಅದರ ತಾತ್ಪರ್ಯ. ಉತ್ತರಗಳು ಬಂದುವು. ಬಂದುವುಗಳನ್ನು ಪುಟ್ಟ ಬಾವುಟಗಳ ಮೇಲೆ ಅಚ್ಚು ಮಾಡಿಸಿ ಭೂಪಟದ ಮೇಲೆ ಚುಚ್ಚಲಾಯಿತು. ಮರುಸಲ, ಇಂತಹ ಗಳಿಗೆಯಲ್ಲಿ ನೀವು ಯಾವ ದಿಕ್ಕಿಗೆ ಮುಖಮಾಡಿದ್ದಿರಿ, ಯಾವ ಕಡೆಗೆ ಹೋಗುತ್ತಿದ್ದಿರಿ ಎಂಬ ಪ್ರಶ್ನೆ. ಇನ್ನೊಂದು ಸಲ, ಏನನ್ನಾದರೂ ಬೀಳಿಸಿರೆಂಬ ಸೂಚನೆ. ಹೀಗೆ 1975ರ ತನಕ ಒಂಬತ್ತು ಸಲ ನಡೆಯಿತು. ಇದಕ್ಕೆ 'ಸ್ಪೇಷಿಯಲ್ ಪೊಯೆಮ್', ಎಂದರೆ ದೇಶವಿಸ್ತಾರದ ಕವಿತೆ, ಎಂದು ಹೆಸರು. ಬರೆದವರು ಬೇರೆ ಬೇರೆ ಖಂಡಗಳವರು. ಕೂಡಿಸಿದವರು ಮನೆಯಲ್ಲಿ ಕುಳಿತ ಒಬ್ಬಾಕೆ. ಲೋಕವನ್ನು ಸುತ್ತಲು ಹಣವಿಲ್ಲದವರಿಗೂ ಮನೆಯನ್ನು ಬಿಟ್ಟುಬರಲಾಗದವರಿಗೂ ಇದೊಂದು ದಾರಿಯೆಂಬುದನ್ನು ನಮ್ಮ ಸಹೋದರಿಯರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇದು ಸಾಧ್ಯವಾದುದು ಹೇಗೆ? ಚಿತ್ರಕಾರರಿಗಿಂತ ಮೊದಲು ಅಂಚೆಯವರನ್ನು ಸ್ಮರಿಸಬೇಕು. 1874ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಅನೇಕ ರಾಜ್ಯಗಳು ಸೇರಿ ಒಂದು ಅಂಚೆಯ ಒಕ್ಕೂಟವನ್ನು ಸ್ಥಾಪಿಸಿದುವು. ಭಾರತವು 1876ರಲ್ಲಿ ಅದನ್ನು ಸೇರಿತು. ಕಳುಹಿಸುವ ದೇಶದ ಚೀಟಿಯೊಂದನ್ನು ಅಂಟಿಸಿದರೆ ಸಾಕು, ದಾರಿಯಲ್ಲಿರುವ ದೇಶಗಳೂ ಮುಟ್ಟಿಸುವ ದೇಶವೂ ಅದನ್ನು ಮಾನ್ಯಮಾಡುವುವು ಎಂಬುದು ಅಲ್ಲಿ ಆದ ಒಪ್ಪಂದ. ಅದಕ್ಕೆ ಮುಂಚೆ ದೇಶದೇಶಕ್ಕೂ ಬೇರೆ ಲೆಕ್ಕ, ಬೇರೆ ದರ. ಭಾರತದಲ್ಲಿ ಕಾಲಾಣೆಯ ಕಾರ್ಡು ಹೊರಟುದು 1879ರಲ್ಲಿ.

ಮೈಸೂರು ಸೀಮೆಯವರಾದ ನಾವು ಈ ವಿಷಯದಲ್ಲಿ ಸ್ವಲ್ಪ ಹೆಮ್ಮೆಪಡುವುದಕ್ಕೂ ಕಾರಣವುಂಟು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, 1672ರಲ್ಲಿ, ಆರಂಭವಾದ ಮೈಸೂರು ಅಂಚೆಯು ಎರಡು ನೂರು ವರ್ಷಗಳಿಗೂ ಮಿಕ್ಕಿ ನಡೆದು, 1889ರಲ್ಲಿ ಬ್ರಿಟಿಷ್ ಸರ್ಕಾರದ ಟಪಾಲಿನಲ್ಲಿ ಸೇರಿಹೋಯಿತು. ಇಲಾಖೆ ಹೋದರೂ ಮಾತು ಉಳಿಯಿತು. ಇಂದಿಗೂ ಕನ್ನಡಿಗರು ಟಪಾಲಿಗೆ ಅಂಚೆಯೆನ್ನುತ್ತೇವೆ.

ನಮ್ಮ ದಂಡಿನ ಪ್ರದೇಶವಾದರೋ ಕಾಗದಗಳಿಂದಲೇ ಬದುಕಿದ ಊರು. 1809ರಲ್ಲಿ ಸೈನ್ಯದ ಶಿಬಿರವಾಗಿ ಆರಂಭವಾದ ಇಲ್ಲಿಗೆ ಸಿಪಾಯಿಗಳೂ ವರ್ತಕರೂ ಮಿಷನರಿಗಳೂ ಹೊರಗಿನಿಂದ ಬಂದವರು. ಹೊರಗಿನಿಂದ ಬಂದವರಿಗೆ ಊರಿನ ಕಾಗದವೇ ಆಧಾರ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸೌತ್ ಪೆರೇಡು, ಕಬ್ಬನ್ ಪಾರ್ಕು, ಹಲಸೂರಿನ ಕೆರೆ ಮೊದಲಾದವುಗಳ ಚಿತ್ರದ ಕಾರ್ಡುಗಳು ಇಲ್ಲಿಂದ ಸಮುದ್ರದಾಚೆಗೆ ಹೋದುವು. ಮದರಾಸು ಬೆಂಗಳೂರುಗಳ ಇಂತಹ ಕಾರ್ಡುಗಳನ್ನು ಲಂಡನ್ನಿನಲ್ಲಿ 2018ರಲ್ಲಿ ಒಂದು ಪ್ರದರ್ಶನವಾಗಿಯೇ ಇಟ್ಟಿದ್ದರು. ಅವುಗಳ ಮುಂಭಾಗವನ್ನು ಛಾಯಾಚಿತ್ರಕಾರನು ಮಾಡಿದನು, ಹಿಂಭಾಗವನ್ನು ಕಳುಹಿಸಿದವರು. ಹಿಂಭಾಗವೇ ಹೆಚ್ಚು ಸ್ವಾರಸ್ಯವೆಂಬುದು ನಮ್ಮ ಅಭಿಪ್ರಾಯ.

ವಿಳಾಸದಲ್ಲಿಯೂ ಚರಿತ್ರೆಯಿದೆ. 1947ರಲ್ಲಿ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ನು ಮೈಸೂರು ಸಂಸ್ಥಾನಕ್ಕೆ ಮರಳಿ ಸೇರಿತು; ಬ್ಲ್ಯಾಕ್‌ಪಲ್ಲಿಯು ಶಿವಾಜಿನಗರವಾಯಿತು; ಅಲ್ಸೂರೆಂದು ಬರೆಯುತ್ತಿದ್ದುದು ಹಲಸೂರೆಂಬ ತನ್ನ ಹೆಸರಿಗೆ ಹಿಂದಿರುಗಿತು; 2014ರ ನವೆಂಬರ್ 1ರಿಂದ ಊರೇ ಅಧಿಕೃತವಾಗಿ ಬೆಂಗಳೂರಾಯಿತು. 1972ರ ಆಗಸ್ಟ್ 15ರಿಂದ ಆರು ಅಂಕಿಗಳ ಪಿನ್ ಬಂದು, ಹಲಸೂರು 560008, ಇಂದಿರಾನಗರ 560038, ಕೃಷ್ಣರಾಜಪುರ 560036 ಎಂದಾದುವು. ಇಂಡಿಯಾ ಫೌಂಡೇಷನ್ ಫಾರ್ ದಿ ಆರ್ಟ್ಸ್ ಎಂಬ ಇಲ್ಲಿನ ಸಂಸ್ಥೆಯು ಬೆಂಗಳೂರಿನ ಬೀದಿ ಬಡಾವಣೆಗಳ ಕುರಿತ ತನ್ನ ಕಲಾಯೋಜನೆಗೆ 'ಪ್ರಾಜೆಕ್ಟ್ 560' ಎಂದೇ ಹೆಸರಿಟ್ಟಿರುವುದು. ಅಂಚೆಯ ಅಂಕಿಯು ಊರಿನ ಅಡ್ಡಹೆಸರಾದುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೆ?

ಕಾರ್ಡಿನ ಮೇಲೆ ಚಿತ್ರ ಬರೆದು ಕಳುಹಿಸುವುದು ಭಾರತಕ್ಕೆ ಪರದೇಶದಿಂದ ಬಂದುದೆಂದು ಯಾರೂ ಭಾವಿಸಬಾರದು. ಶಾಂತಿನಿಕೇತನದ ನಂದಲಾಲ ಬಸುಗಳು ತಮ್ಮ ಶಿಷ್ಯರಿಗೂ ಮಿತ್ರರಿಗೂ ಪುಟ್ಟ ಕಾರ್ಡುಗಳ ಮೇಲೆ ಶಾಯಿಯಲ್ಲಿಯೂ ಬಣ್ಣದಲ್ಲಿಯೂ ಚಿತ್ರ ಬರೆದು ಅಂಚೆಗೆ ಹಾಕುತ್ತಿದ್ದರು. ಜಾನ್ಸನ್ನನ ಶಾಲೆಗೆ ಹೆಸರು ಬೀಳುವುದಕ್ಕೆ ಬಹಳ ಹಿಂದಿನ ಮಾತಿದು. ನಮ್ಮ ಕೆ. ವೆಂಕಟಪ್ಪನವರು (1886-1965) ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಕಲಿಯುತ್ತಿದ್ದಾಗ ನಂದಲಾಲರೂ ಅದೇ ಗುರುಗಳ ಶಿಷ್ಯರು. ಆದರೆ ನಂದಲಾಲರ ಕಾರ್ಡು ಗುರುವಿನಿಂದ ಶಿಷ್ಯನಿಗೆ ಇಳಿದುಬರುವ ಪ್ರೀತಿಯ ದಾನ. ಅಂಚೆಯ ಕಲೆಯಲ್ಲಿ ಪಡೆದವರು ಸುಮ್ಮನಿರುವಂತಿಲ್ಲ. ಈ ಭೇದವನ್ನು ಮರೆಯತಕ್ಕದ್ದಲ್ಲ.

ಮೊಹರನ್ನೂ ಚಿತ್ರವಾಗಿಸಬಹುದು. 1911ರ ಫೆಬ್ರವರಿ 18ರಂದು ಅಲಹಾಬಾದಿನಿಂದ ಯಮುನೆಯಾಚೆಯ ನೈನಿಗೆ ವಿಮಾನದಲ್ಲಿ ಸುಮಾರು 6,500 ಕಾಗದಗಳು ಹೋದುವು. ಲೋಕದ ಮೊದಲನೆಯ ಅಧಿಕೃತ ವಿಮಾನ ಅಂಚೆ ಅದೇ. ಅವುಗಳಿಗೆ ವಿಮಾನದ ಆಕೃತಿಯಿದ್ದ ಮೊಹರು ಬಿದ್ದಿತ್ತು. ಅದರಿಂದ ಬಂದ ಹಣವು ಅಲ್ಲಿನ ಒಂದು ಕ್ರೈಸ್ತ ವಿದ್ಯಾರ್ಥಿನಿಲಯಕ್ಕೆ ಸಂದಿತೆಂಬುದನ್ನು ಮಿಷನ್ ಶಾಲೆಯವರಾದ ನಾವು ಸಂತೋಷದಿಂದ ಹೇಳಿಕೊಳ್ಳುವೆವು.

ಇಷ್ಟೆಲ್ಲ ವಿನೋದವೇ ಸರಿ, ಇದರಲ್ಲಿ ಗಂಭೀರವಾದುದೇನು ಎಂದು ತಂದೆತಾಯಿಗಳು ಕೇಳಿದರೆ, ಎರಡು ಸಂಗತಿಗಳನ್ನು ಮುಂದಿಡುವೆವು.

ಮೊದಲನೆಯದು ಪೂರ್ವ ಜರ್ಮನಿಯದು. ರೂತ್ ವೋಲ್ಫ್-ರೇಫೆಲ್ಟ್ (1932-2024) ಎಂಬಾಕೆ ಕಲಾಶಾಲೆಯಲ್ಲಿ ಕಲಿತವರಲ್ಲ. ಕಚೇರಿಯ ಕೆಲಸ ಮಾಡಿದವರು. 1970ರ ದಶಕದಲ್ಲಿ ಈಕೆ ಬೆರಳಚ್ಚಿನ ಯಂತ್ರದ ಅಕ್ಷರಗಳಿಂದಲೇ ಅಲೆಗಳನ್ನೂ ಪೆಟ್ಟಿಗೆಗಳನ್ನೂ ಹೆಣೆದು, ಕಾರ್ಬನ್ ಕಾಗದವಿಟ್ಟು ಪ್ರತಿಗಳನ್ನು ತೆಗೆದು, ಲೋಕದ ನಾನಾ ಕಡೆಗಳಿಗೆ ಕಳುಹಿಸಿದರು. ಆಗ ಆ ದೇಶದ ಪ್ರಜೆಗಳು ಇಷ್ಟಬಂದಲ್ಲಿಗೆ ಪ್ರಯಾಣ ಮಾಡುವಂತಿರಲಿಲ್ಲ. ಗುಪ್ತ ಪೊಲೀಸರು ಕಾಗದಗಳನ್ನು ಒಡೆದು ಓದುತ್ತಿದ್ದರು. ಆಕೆಗೆ ಹೋಗಲಾಗದ ಕಡೆಗೆ ಆಕೆಯ ಹಾಳೆಗಳು ಹೋದುವು. ಬರ್ಲಿನ್ನಿನ ಗೋಡೆ ಬಿದ್ದ ಮೇಲೆ ಆಕೆ ಈ ಕೆಲಸವನ್ನೇ ನಿಲ್ಲಿಸಿದರು. 2017ರಲ್ಲಿ ಕಾಸೆಲ್ ನಗರದ ಡಾಕ್ಯುಮೆಂಟಾ ಮಹಾಪ್ರದರ್ಶನದಲ್ಲಿ ಅವು ಕಾಣಿಸಿಕೊಂಡಾಗ ಆಕೆಗೆ ಎಂಬತ್ತು ದಾಟಿತ್ತು. ಹಾಸ್ಟೆಲಿನಲ್ಲಿದ್ದು, ಮೇಲ್ವಿಚಾರಕಿಯು ಓದಿದ ಮೇಲೆಯೇ ಕಾಗದವನ್ನು ಕೈಗೆ ಪಡೆಯುತ್ತಿದ್ದ ನಮ್ಮ ಹಿರಿಯ ವಿದ್ಯಾರ್ಥಿನಿಯರು, ಒಡೆದ ಲಕೋಟೆಯ ಸಂಕಟವನ್ನು ಅಲ್ಪಸ್ವಲ್ಪ ಬಲ್ಲರು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಮಾತ್ರ ನ್ಯಾಯವಲ್ಲ.

ಎರಡನೆಯದು ದಕ್ಷಿಣ ಅಮೆರಿಕಾದ ಉರುಗ್ವೆಯದು. ಅಲ್ಲಿ ಸೈನಿಕರ ಆಳ್ವಿಕೆಯಿದ್ದಾಗ, 1977ರಲ್ಲಿ, ಕ್ಲೆಮೆಂತೆ ಪಾದೀನ್ ಮತ್ತು ಹೋರ್ಹೆ ಕರಬಾಲ್ಯೊ ಎಂಬ ಇಬ್ಬರು ಅಂಚೆಯ ಕಲಾವಿದರನ್ನು, ಆಳುವವರನ್ನು ತಮ್ಮ ಕೃತಿಗಳಲ್ಲಿ ಟೀಕಿಸಿದರೆಂದು ಸೆರೆಯಲ್ಲಿಟ್ಟರು. ಅವರೊಡನೆ ಕಾಗದದ ಗುರುತು ಮಾತ್ರವಿದ್ದ, ಮುಖವನ್ನೇ ಕಾಣದ ಜನರು ದೇಶದೇಶಗಳಿಂದ ಅವರ ಬಿಡುಗಡೆಗಾಗಿ ಕಾರ್ಡುಗಳನ್ನೂ ಕಾಗದಗಳನ್ನೂ ಕಳುಹಿಸತೊಡಗಿದರು. ಪಾದೀನನು 1979ರಲ್ಲಿ ಹೊರಬಂದನು. ಬಿಡುಗಡೆಗೆ ಕಾಗದಗಳೇ ಕಾರಣವೆಂದು ನಾವು ಸಾಧಿಸಹೊರಡುವುದಿಲ್ಲ. ಆದರೂ, ಪಟ್ಟಿಯೊಂದರಲ್ಲಿ ಹೆಸರಿದ್ದ ಮಾತ್ರಕ್ಕೆ ಲೋಕದ ಇನ್ನೊಂದು ಅಂಚಿನವನು ತನ್ನನ್ನು ಕುರಿತು ಬರೆಯುವನೆಂಬುದು ಸೆರೆಯಲ್ಲಿರುವವನಿಗೆ ಸಾಮಾನ್ಯವಾದ ಮಾತಲ್ಲ.

ದೋಷಗಳನ್ನು ಮುಚ್ಚುವುದು ಬೇಡ. ಪಂಚಾಯಿತರಿಲ್ಲದಿರುವಲ್ಲಿ ಕಸವೂ ಬರುತ್ತದೆ. ಅಂಚೆಯ ಕಲೆಯೆಂದು ಸಂಗ್ರಹಿಸಿಟ್ಟುದರಲ್ಲಿ ಬಹುಭಾಗವು, ಚಿತ್ರವೆಂದು ನೋಡಿದರೆ, ಎಂಟನೆಯ ತರಗತಿಯ ಹುಡುಗಿಯ ಕೈಗೂ ಸಮನಾಗದು. ಆದರೆ ಇಲ್ಲಿ ಕೃತಿಯೆಂಬುದು ಒಂದು ಹಾಳೆಯಲ್ಲ, ಹಾಳೆಗಳ ಹೋಗಿಬರುವಿಕೆ. ಒಂದು ಕಾರ್ಡನ್ನು ಮಾತ್ರ ತೆಗೆದು ಬೆಲೆಕಟ್ಟುವುದು, ಕೋರಸ್ಸಿನಲ್ಲಿ ಹಾಡಿದ ಒಬ್ಬಳ ಸ್ವರವನ್ನು ಮಾತ್ರ ಕೇಳಿ ಗೀತೆಯನ್ನು ತೂಗಿದಂತಾದೀತು. ಈಗ ಕೈಯಲ್ಲಿರುವ ಮೊಬೈಲಿನಿಂದ ಗಳಿಗೆಯಲ್ಲಿ ಚಿತ್ರ ಹೋಗುವುದಲ್ಲಾ ಎಂಬ ಆಕ್ಷೇಪಣೆಗೆ ಉತ್ತರ ಸುಲಭ: ಅದಕ್ಕೆ ಮೊಹರಿಲ್ಲ, ಮಡಿಕೆಯಿಲ್ಲ, ದಾರಿಯ ಮಳೆಯ ಕಲೆಯಿಲ್ಲ. 2005ರಲ್ಲಿ ಪೋರ್ಚುಗಲ್ಲಿನ ಯುವಕನೊಬ್ಬನು ಆರಂಭಿಸಿದ ಪೋಸ್ಟ್‌ಕ್ರಾಸಿಂಗ್ ಎಂಬ ಏರ್ಪಾಟಿನಿಂದ ಅಪರಿಚಿತರ ನಡುವೆ ಕೋಟಿಗಟ್ಟಲೆ ಕಾರ್ಡುಗಳು ಓಡಾಡಿವೆ. ಅವರೆಲ್ಲರ ಬಳಿ ಕಂಪ್ಯೂಟರು ಇದ್ದೇ ಇದೆ.

ನಮ್ಮ ಶಾಲೆಯ ಹೆಣ್ಣುಮಕ್ಕಳು ಈಗ ಎಲ್ಲೆಲ್ಲಿಯೋ ಇದ್ದಾರೆ. ಕೆಲವರ ವಿಳಾಸ ಮಾತ್ರ ನಮ್ಮ ಬಳಿಯುಂಟು. ಕೆಲವರದು ಅವರ ಗೆಳತಿಯರ ಬಳಿ ಮಾತ್ರ. ಆದಕಾರಣ ಈ ಸಂಚಿಕೆಯ ಜೊತೆಗೆ ಒಂದು ಬರಿಯ ಕಾರ್ಡನ್ನು ಇಟ್ಟಿರುವೆವು. ಅದರ ಒಂದು ಮಗ್ಗುಲಲ್ಲಿ, ಶಾಲೆಯಲ್ಲಿ ನೀವು ಕುಳಿತುಕೊಳ್ಳುತ್ತಿದ್ದ ಸ್ಥಳದಿಂದ ಕಾಣುತ್ತಿದ್ದುದನ್ನು ಗೆರೆಯಲ್ಲಿ ಬರೆಯಿರಿ; ಚಿತ್ರ ಬಾರದವರು ಮಾತಿನಲ್ಲಿ ಬರೆಯಬಹುದು. ಅದನ್ನು ಶಾಲೆಗೆ ಕಳುಹಿಸದೆ, ನಿಮಗೆ ವಿಳಾಸ ಗೊತ್ತಿರುವ ಒಬ್ಬ ಹಳೆಯ ಸಹಪಾಠಿಗೆ ಲಕೋಟೆಯಲ್ಲಿಟ್ಟು ಕಳುಹಿಸಿರಿ. ಆಕೆ ತನ್ನದನ್ನು ಸೇರಿಸಿ ಮತ್ತೊಬ್ಬಳಿಗೆ ಕಳುಹಿಸಲಿ. ಒಬ್ಬರು ಬರೆದುದನ್ನು ಇನ್ನೊಬ್ಬರು ಅಳಿಸಕೂಡದು. ಎಡೆಯು ತುಂಬಿದಾಗ ಕಾರ್ಡು ಯಾರ ಕೈಯಲ್ಲಿರುವುದೋ ಅವರು ಅದನ್ನು ಶಾಲೆಯ ವಿಳಾಸಕ್ಕೆ ಹಾಕಬೇಕು. ಬಂದುವೆಲ್ಲವನ್ನೂ, ಆರಿಸದೆ, ಪ್ರಾರ್ಥನಾ ಮಂದಿರದ ಪಕ್ಕದ ಪಡಸಾಲೆಯಲ್ಲಿ ತೂಗಿಸುವೆವು. ಹೆಸರುಗಳ ಪಟ್ಟಿಯನ್ನು ಭಾಗವಹಿಸಿದವರೆಲ್ಲರಿಗೂ ಕಳುಹಿಸುವೆವು. ಪಟ್ಟಿಯಲ್ಲಿ ವಿಳಾಸವನ್ನು ಸೇರಿಸಲು ಒಪ್ಪದವರು ಕಾರ್ಡಿನ ಅಂಚಿನಲ್ಲಿ ಹಾಗೆಂದು ಬರೆಯತಕ್ಕದ್ದು. ನೀರಿಗೆ ಹರಡುವ ಶಾಯಿಯನ್ನು ಬಳಸಬೇಡಿರಿ. ಪರದೇಶಕ್ಕೆ ಹೋಗುವ ಲಕೋಟೆಯನ್ನು ಅಂಚೆ ಕಚೇರಿಯಲ್ಲಿ ತೂಗಿಸಿ ಚೀಟಿ ಹಚ್ಚಿಸಿರಿ; ಮೊಹರನ್ನು ಸ್ಪಷ್ಟವಾಗಿ ಒತ್ತಿಕೊಡುವಂತೆ ಕಿಟಕಿಯಲ್ಲಿರುವವರನ್ನು ಕೇಳಿಕೊಂಡರೆ ಸಾಮಾನ್ಯವಾಗಿ ಒತ್ತಿಕೊಡುತ್ತಾರೆ.