ದಿನ ಎಣಿಸುವುದು ಇಬ್ಬರ ಕೆಲಸ

ಈ ತಿಂಗಳ ಪಾಠ: ಕುಟುಂಬ ಯೋಜನೆ – ಸಹಜ ವಿಧಾನವೋ, ಗರ್ಭನಿರೋಧಕವೋ?



ಉಳಿತಾಯ, ಸಾಲ, ಬ್ಯಾಂಕ್ ಲಿಂಕೇಜ್, ಹಸುವಿನ ವಿಮೆ – ಇವುಗಳ ಬಗ್ಗೆ ನಮ್ಮ ಸಂಘಗಳಲ್ಲಿ ಎಷ್ಟೋ ಪಾಠಗಳಾಗಿವೆ. ಒಂದು ವಿಷಯ ಮಾತ್ರ ಸಭೆಯಲ್ಲಿ ಬರುವುದೇ ಇಲ್ಲ. ಸಭೆ ಮುಗಿದು ಜಮಖಾನ ಮಡಿಸುವಾಗ, ಬಾಗಿಲ ಹತ್ತಿರ, ಪಿಸುಮಾತಿನಲ್ಲಿ ಬರುತ್ತದೆ. "ಸಿಸ್ಟರ್, ಒಂದ್ ಮಾತು ಕೇಳ್ಲಾ?" ಮಗು ಸದ್ಯಕ್ಕೆ ಬೇಡ, ಇಲ್ಲವೇ ಇರುವುದೇ ಸಾಕು. ಏನು ಮಾಡಬೇಕು? ಕ್ರೈಸ್ತ ಸಹೋದರಿಯರಾದರೆ ಇನ್ನೊಂದು ಪ್ರಶ್ನೆ ಸೇರುತ್ತದೆ: "ಇದು ಪಾಪವಾ?"

ನಮ್ಮ ಸಂಘಗಳಲ್ಲಿ ಎಲ್ಲ ಜಾತಿ, ಧರ್ಮದವರೂ ಇದ್ದೀರಿ. ಧರ್ಮಸಭೆಯ ಬೋಧನೆಯ ಮಾತು ಬಂದಲ್ಲಿ ಅದು ಕ್ರೈಸ್ತರಿಗೆ. ದೇಹದ ತಿಳಿವಳಿಕೆ ಎಲ್ಲರಿಗೂ ಬೇಕು.

ಕಡೂರು ಕಡೆಯ ಒಬ್ಬ ಸಹೋದರಿ

ಗುರುತು ಸಿಗದ ಹಾಗೆ ವಿವರ ಬದಲಿಸಿ ಹೇಳುತ್ತಿದ್ದೇವೆ. ಈಕೆಗೆ ಇಬ್ಬರು ಹೆಣ್ಣುಮಕ್ಕಳು. ಯಜಮಾನರು ಲಾರಿಯಲ್ಲಿ ತೆಂಗಿನಕಾಯಿ ಲೋಡ್ ಹೊಡೆಯುತ್ತಾರೆ. ಮದುವೆಗೆ ಮುಂಚಿನ ತರಬೇತಿಯಲ್ಲಿ ದಿನ ಎಣಿಸುವ ವಿಧಾನ ಕಲಿತಿದ್ದಳು. ನಾವೇ ಕಲಿಸಿದ್ದು. ಆಮೇಲೆ ಒಂದು ದಿನ ಬಂದು ಹೇಳಿದಳು: "ನಾನು ಎಣಿಸ್ತೀನಿ ಸಿಸ್ಟರ್. ಅವರು ಬರೋದು ಹದಿನೈದು ದಿನಕ್ಕೊಂದ್ಸಲ, ಅದೂ ಕುಡ್ಕೊಂಡು. ಇವತ್ತು ಬೇಡ ಅಂದ್ರೆ ಕೇಳ್ತಾರಾ?" ಯಾರಿಗೂ ಹೇಳದೆ ಆಸ್ಪತ್ರೆಯಲ್ಲಿ ವಂಕಿ ಹಾಕಿಸಿಕೊಂಡಿದ್ದಳು. ಗಂಡನಿಗೆ ಗೊತ್ತಾದರೆ ಎಂಬ ಭಯ ಒಂದು ಕಡೆ, ಪರಮಪ್ರಸಾದ ತೆಗೆದುಕೊಳ್ಳಲು ಅಂಜಿಕೆ ಇನ್ನೊಂದು ಕಡೆ.

ಆ ದಿನ ನಾವು ಥಟ್ಟನೆ ಬೋಧನೆಯನ್ನು ಹೇಳಿಬಿಟ್ಟೆವು. ಅವಳು ತಲೆ ತಗ್ಗಿಸಿ ಹೋದಳು. ಬಸ್ಸಿನಲ್ಲಿ ಬರುವಾಗ ನಮಗೆ ಅರಿವಾಯಿತು: ಪಾಠವನ್ನು ನಾವು ಹೆಂಡತಿಗೆ ಮಾತ್ರ ಹೇಳಿಕೊಟ್ಟಿದ್ದೆವು. ಗಂಡನನ್ನು ಕೂರಿಸಿ ಒಂದು ಮಾತು ಹೇಳಿರಲಿಲ್ಲ. ತಪ್ಪು ನಮ್ಮದೂ ಇತ್ತು. ಈ ಪಾಠ ಬರೆಯಲು ಅದೇ ಕಾರಣ.

ನಮ್ಮ ನಾಡಿನ ಹಳೆಯ ಕಥೆ

ಇದು ಹೊಸ ಚರ್ಚೆಯಲ್ಲ. 1930ರಲ್ಲಿ, ನಮ್ಮ ಜಿಲ್ಲೆಗೆ ಇನ್ನೂ ಕಡೂರು ಜಿಲ್ಲೆ ಎಂದು ಹೆಸರಿದ್ದ ಕಾಲದಲ್ಲಿ, ಮೈಸೂರು ಸರ್ಕಾರ ತನ್ನ ದೊಡ್ಡ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯ ತೆರೆಯಲು ಆದೇಶ ಮಾಡಿತು. ಸರ್ಕಾರವೇ ಹೀಗೆ ಮಾಡಿದ್ದು ಲೋಕದಲ್ಲಿ ಇದೇ ಮೊದಲು ಎನ್ನುತ್ತಾರೆ. ಅದೇ ವರ್ಷದ ಆಗಸ್ಟ್‌ನಲ್ಲಿ ಆಂಗ್ಲಿಕನ್ ಸಭೆಯ ಬಿಷಪರು ಲ್ಯಾಂಬೆತ್ ಸಮ್ಮೇಳನದಲ್ಲಿ ಕೆಲವು ಸಂದರ್ಭಗಳಲ್ಲಿ ಗರ್ಭನಿರೋಧಕಕ್ಕೆ ಒಪ್ಪಿಗೆ ಕೊಟ್ಟರು. ಡಿಸೆಂಬರ್‌ನಲ್ಲಿ ಪೋಪ್ ಹನ್ನೊಂದನೇ ಪಿಯುಸ್ ಅದು ಸಲ್ಲದು ಎಂದು ಪತ್ರ ಬರೆದರು. ಕ್ರೈಸ್ತರ ನಡುವೆ ಈ ವಿಷಯದಲ್ಲಿ ಎರಡು ದಾರಿ ಆದದ್ದು ಹೀಗೆ.

1950ರ ದಶಕದ ಆರಂಭದಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ಆಗ ಕೇಂದ್ರದ ಆರೋಗ್ಯ ಮಂತ್ರಿ ರಾಜಕುಮಾರಿ ಅಮೃತ್ ಕೌರ್. ಕ್ರೈಸ್ತ ಮನೆತನದಿಂದ ಬಂದವರು, ಗಾಂಧೀಜಿಯ ಅನುಯಾಯಿ. ಅವರಿಗೆ ಸಹಜ ವಿಧಾನದ ಮೇಲೆ ಒಲವು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ದೆಹಲಿಯ ಲೋದಿ ಕಾಲೋನಿಯಲ್ಲಿ ಮತ್ತು ನಮ್ಮ ರಾಮನಗರದಲ್ಲಿ ದಿನ ಎಣಿಸುವ ವಿಧಾನವನ್ನು ಕಲಿಸಿ ನೋಡಿದರು. ಅಮೆರಿಕದ ವೈದ್ಯ ಏಬ್ರಹಾಂ ಸ್ಟೋನ್ ಇದಕ್ಕೆ ಸಲಹೆಗಾರರು. ಓದು ಬಾರದವರಿಗೂ ಲೆಕ್ಕ ಸಿಗಲಿ ಎಂದು ಬಣ್ಣದ ಮಣಿಗಳ ಸರ ಮಾಡಿಸಿದರು. ಒಂದು ಬಣ್ಣ ಗರ್ಭ ನಿಲ್ಲುವ ದಿನಕ್ಕೆ, ಇನ್ನೊಂದು ನಿಲ್ಲದ ದಿನಕ್ಕೆ. ಆದರೆ ವಿಧಾನವನ್ನು ಕಡೆಯವರೆಗೂ ಪಾಲಿಸಿದವರು ಕಡಿಮೆ, ಸರ್ಕಾರ ಬೇರೆ ವಿಧಾನಗಳ ಕಡೆ ಹೊರಳಿತು.

ಆ ಸರದ ಕಥೆ ಓದಿದಾಗಲೆಲ್ಲ ನಮಗೆ ಕಡೂರಿನ ಆ ಸಹೋದರಿ ನೆನಪಾಗುತ್ತಾಳೆ. ಮಣಿ ಹೆಂಡತಿಯ ಕೈಯಲ್ಲಿ, ತೀರ್ಮಾನ ಗಂಡನ ಕೈಯಲ್ಲಿ ಎಂದಾದರೆ ಯಾವ ಸರವೂ ಕೆಲಸ ಮಾಡುವುದಿಲ್ಲ.

ದೇಹದ ಲೆಕ್ಕ ಹೇಗೆ?

ಮೊದಲು ಒಂದು ತಪ್ಪು ತಿದ್ದಿಕೊಳ್ಳೋಣ. ಬಹಳ ಮಂದಿ ಮುಟ್ಟು ನಿಂತ ದಿನದಿಂದ ಎಣಿಸುತ್ತಾರೆ. ಹಾಗಲ್ಲ. ರಕ್ತಸ್ರಾವ ಶುರುವಾದ ದಿನವೇ 1ನೇ ದಿನ.

ಮುಂದಿನ ಮುಟ್ಟಿಗೆ ಸುಮಾರು 14 ದಿನ ಮುಂಚೆ ಹೆಣ್ಣಿನ ಅಂಡಾಣು ಬಿಡುಗಡೆಯಾಗುತ್ತದೆ. ಅದು ಬದುಕುವುದು ಹೆಚ್ಚೆಂದರೆ ಒಂದು ದಿನ. ಗಂಡಿನ ವೀರ್ಯಾಣು ಹೆಣ್ಣಿನ ದೇಹದಲ್ಲಿ 5 ದಿನದವರೆಗೂ ಬದುಕಿರಬಹುದು. ಹಾಗಾಗಿ ತಿಂಗಳಿಗೆ ಸುಮಾರು 6 ದಿನ ಮಾತ್ರ ಗರ್ಭ ನಿಲ್ಲಲು ಸಾಧ್ಯ. ಆ ದಿನಗಳು ಯಾವುವು ಎಂದು ಗುರುತಿಸುವುದೇ ಸಹಜ ವಿಧಾನ.

1. ಮಣಿ ಅಥವಾ ಕ್ಯಾಲೆಂಡರ್ ವಿಧಾನ: ಮುಟ್ಟು 26ರಿಂದ 32 ದಿನಗಳ ಒಳಗೆ ಸರಿಯಾಗಿ ಬರುವವರಿಗೆ ಮಾತ್ರ. 8ನೇ ದಿನದಿಂದ 19ನೇ ದಿನದವರೆಗೆ, ಎರಡೂ ಸೇರಿ 12 ದಿನ, ಗಂಡ ಹೆಂಡತಿ ಕೂಡಬಾರದು.

2. ಲೋಳೆ ನೋಡುವ ವಿಧಾನ: ಆಸ್ಟ್ರೇಲಿಯಾದ ವೈದ್ಯ ದಂಪತಿ ಜಾನ್ ಮತ್ತು ಎವ್ಲಿನ್ ಬಿಲ್ಲಿಂಗ್ಸ್ ಬೆಳೆಸಿದ್ದು. ಗರ್ಭ ನಿಲ್ಲುವ ದಿನಗಳು ಹತ್ತಿರವಾದಾಗ ಯೋನಿಯಲ್ಲಿ ತೇವ ಹೆಚ್ಚಿ, ಲೋಳೆಯು ಹಸಿ ಮೊಟ್ಟೆಯ ಬಿಳಿಯ ಹಾಗೆ ಜಾರುತ್ತದೆ, ಎಳೆದರೆ ಎಳೆ ಬರುತ್ತದೆ. ಇದನ್ನು ಬಲ್ಲವರ ಹತ್ತಿರ ಎರಡು ಮೂರು ತಿಂಗಳು ಕೂತು ಕಲಿಯಬೇಕು. ಕೆಟ್ಟ ವಾಸನೆ, ತುರಿಕೆ ಇರುವ ಬಿಳಿಸೆರಗು ಬೇರೆ. ಅದು ಕಾಯಿಲೆ, ಆಸ್ಪತ್ರೆಗೆ ತೋರಿಸಿ.

3. ಎದೆಹಾಲಿನ ವಿಧಾನ: "ಹಾಲು ಕುಡಿಸೋವಾಗ ಬಸುರಾಗಲ್ಲ" ಎಂಬ ಮಾತು ಅರ್ಧ ನಿಜ. ಮಗುವಿಗೆ 6 ತಿಂಗಳು ತುಂಬಿರಬಾರದು, ಮುಟ್ಟು ಮರಳಿ ಬಂದಿರಬಾರದು, ಹಗಲೂ ರಾತ್ರಿ ಎದೆಹಾಲು ಮಾತ್ರ ಕೊಡುತ್ತಿರಬೇಕು. ಮೂರೂ ಇದ್ದರೆ 100ರಲ್ಲಿ 98 ಮಂದಿಗೆ ಗರ್ಭ ನಿಲ್ಲುವುದಿಲ್ಲ. ಒಂದು ತಪ್ಪಿದರೂ ಭರವಸೆ ಇಲ್ಲ.

ಹೆರಿಗೆಯಾದ ಹೊಸದರಲ್ಲಿ, ಮುಟ್ಟು ನಿಲ್ಲುವ ವಯಸ್ಸು ಹತ್ತಿರವಾದಾಗ, ಇಂಜೆಕ್ಷನ್ ನಿಲ್ಲಿಸಿದ ಮೇಲೆ ಮುಟ್ಟು ಏರುಪೇರಾಗುತ್ತದೆ. ಆಗ ಮಣಿ ಲೆಕ್ಕ ನಂಬಬೇಡಿ.

ಮುಚ್ಚಿಡದೆ ಹೇಳಬೇಕಾದ ಅಂಕಿಗಳು

ಮಣಿ ವಿಧಾನವನ್ನು ಒಂದು ವರ್ಷ ಚಾಚೂ ತಪ್ಪದೆ ಪಾಲಿಸಿದ 100 ಮಂದಿಯಲ್ಲಿ ಸುಮಾರು 5 ಮಂದಿಗೆ ಗರ್ಭ ನಿಲ್ಲುತ್ತದೆ. ಮನೆಗಳಲ್ಲಿ ನಡೆಯುವ ಹಾಗೆ, ಆಗೊಮ್ಮೆ ಈಗೊಮ್ಮೆ ತಪ್ಪುತ್ತಾ ಪಾಲಿಸಿದರೆ ಸುಮಾರು 12 ಮಂದಿಗೆ. ನಿರೋಧ್ ಸಹ ಹೀಗೆಯೇ: ತಪ್ಪದೆ ಬಳಸಿದರೆ 2, ಸಾಮಾನ್ಯ ಬಳಕೆಯಲ್ಲಿ ಸುಮಾರು 13. ವಂಕಿ ಮತ್ತು ಆಪರೇಶನ್‌ನಲ್ಲಿ 100ಕ್ಕೆ ಒಂದಕ್ಕಿಂತ ಕಡಿಮೆ.

ಸರ್ಕಾರಿ ಆಸ್ಪತ್ರೆಗಳ ಮೂಲಕ ಉಚಿತವಾಗಿ ಕೊಡುವುದು ಇವು: ನಿರೋಧ್, ದಿನವೂ ನುಂಗುವ ಮಾಲಾ-ಎನ್ ಮಾತ್ರೆ, ಮೊದಲ ಮೂರು ತಿಂಗಳು ವಾರಕ್ಕೆ ಎರಡು ಸಲ ಆಮೇಲೆ ವಾರಕ್ಕೊಮ್ಮೆ ನುಂಗುವ ಛಾಯಾ ಮಾತ್ರೆ, ಮೂರು ತಿಂಗಳಿಗೊಮ್ಮೆ ಹಾಕುವ ಅಂತರಾ ಇಂಜೆಕ್ಷನ್, 5 ಅಥವಾ 10 ವರ್ಷದ ವಂಕಿ, ಆಪರೇಶನ್. ಸಹಜ ವಿಧಾನದಿಂದ ದೇಹಕ್ಕೆ ಅಡ್ಡಪರಿಣಾಮವಿಲ್ಲ, ಖರ್ಚಿಲ್ಲ. ವಂಕಿಯಿಂದ ಕೆಲವರಿಗೆ ಸ್ರಾವ ಹೆಚ್ಚುತ್ತದೆ. ಬಿ.ಪಿ. ಇರುವವರು, ಹಾಲೂಡಿಸುವವರು ವೈದ್ಯರನ್ನು ಕೇಳದೆ ಮಾತ್ರೆ ನುಂಗಬಾರದು.

ಎರಡು ಎಚ್ಚರಿಕೆ. ಮನೆಯಲ್ಲಿ ಎಚ್.ಐ.ವಿ. ಅಥವಾ ಲೈಂಗಿಕ ರೋಗ ಇದ್ದರೆ ದಿನ ಎಣಿಸುವುದು ಸೋಂಕನ್ನು ತಡೆಯುವುದಿಲ್ಲ, ಇಬ್ಬರೂ ವೈದ್ಯರ ಬಳಿ ಹೋಗಲೇಬೇಕು. ಇನ್ನೊಂದು, ಮೆಡಿಕಲ್ ಶಾಪಿನಿಂದ ಗರ್ಭ ಇಳಿಸುವ ಮಾತ್ರೆ ತರಿಸಿ ನುಂಗುವುದು. ಅದು ಕುಟುಂಬ ಯೋಜನೆ ಅಲ್ಲ. ಧರ್ಮಸಭೆಗೆ ಅದು ಒಂದು ಜೀವದ ಪ್ರಶ್ನೆ. ನಿಮಗೂ ರಕ್ತ ಹೋಗಿ ಪ್ರಾಣಕ್ಕೇ ಅಪಾಯ ಆಗಬಹುದು.

ಧರ್ಮಸಭೆ ಹೇಳುವುದೇನು?

1968ರ ಜುಲೈ 25ರಂದು ಪೋಪ್ ಆರನೇ ಪೌಲರು 'ಹುಮಾನೆ ವೀಟೆ' ಎಂಬ ವಿಶ್ವಪತ್ರ ಬರೆದರು. ಅವರು ನೇಮಿಸಿದ್ದ ಸಮಿತಿಯ ಹೆಚ್ಚಿನ ಸದಸ್ಯರು ಬೋಧನೆ ಸಡಿಲವಾಗಲಿ ಎಂದಿದ್ದರು, ಪೋಪರು ಒಪ್ಪಲಿಲ್ಲ. ಪತ್ರದ ಸಾರ ಇಷ್ಟು: ದಾಂಪತ್ಯದಲ್ಲಿ ಪ್ರೀತಿಯನ್ನೂ ಜೀವ ಕೊಡುವ ಶಕ್ತಿಯನ್ನೂ ಬೇರ್ಪಡಿಸಬಾರದು. ಹಾಗಾಗಿ ಗರ್ಭನಿರೋಧಕ ಮತ್ತು ಸಂತಾನಹರಣ ಆಪರೇಶನ್ ಸಲ್ಲದು. ಮಕ್ಕಳ ನಡುವೆ ಅಂತರ ಬೇಕಾದ ಸಕಾರಣವಿದ್ದರೆ ಗರ್ಭ ನಿಲ್ಲದ ದಿನಗಳಲ್ಲಿ ಕೂಡಬಹುದು. ಕಾಯಿಲೆಗೆಂದೇ ವೈದ್ಯರು ಕೊಟ್ಟ ಔಷಧಿಗೆ ಅಡ್ಡಿಯಿಲ್ಲ.

ಕ್ಯಾಥೋಲಿಕರು ಹೆಚ್ಚು ಹೆತ್ತಷ್ಟೂ ಪುಣ್ಯ ಎಂದು ಧರ್ಮಸಭೆ ಹೇಳಿಲ್ಲ. ಒಳ್ಳೆಯ ಕ್ಯಾಥೋಲಿಕರಾಗಲು ಮೊಲಗಳ ಹಾಗೆ ಇರಬೇಕಿಲ್ಲ ಎಂದು 2015ರಲ್ಲಿ ಆಗಿನ ಪೋಪ್ ಫ್ರಾನ್ಸಿಸ್ ಹೇಳಿದ್ದರು! ಎಷ್ಟು ಮಕ್ಕಳು, ಯಾವಾಗ ಎಂಬುದನ್ನು ದಂಪತಿಗಳೇ ದೇವರ ಮುಂದೆ, ಮನಸ್ಸಾಕ್ಷಿಯಿಂದ ತೀರ್ಮಾನಿಸಬೇಕು.

ಅದೇ 1968ರ ಪತ್ರದಲ್ಲಿ ಇನ್ನೊಂದು ಮಾತಿದೆ. ಅದನ್ನು ನಾವು ಸಾಕಷ್ಟು ಹೇಳಿಲ್ಲ. ಸಂಗಾತಿಯ ಸ್ಥಿತಿ, ಇಚ್ಛೆ ನೋಡದೆ ಹೇರಿದ ಕೂಟ ಪ್ರೀತಿಯ ಕಾರ್ಯವೇ ಅಲ್ಲ. ಸಂತ ಪೌಲರೂ ಕೊರಿಂಥದವರಿಗೆ ಬರೆದ ಮೊದಲ ಪತ್ರದ 7ನೇ ಅಧ್ಯಾಯದಲ್ಲಿ, ದಂಪತಿಗಳು ಕೆಲವು ಕಾಲ ಅಗಲಿರುವುದಾದರೆ ಅದು ಇಬ್ಬರ ಒಪ್ಪಿಗೆಯಿಂದ ಆಗಲಿ ಎನ್ನುತ್ತಾರೆ. ಅಂದ ಮೇಲೆ ಸಹಜ ವಿಧಾನ ಹೆಂಡತಿಯ ವ್ರತವಲ್ಲ. ಗಂಡನ ಸಂಯಮವಿಲ್ಲದೆ ಅದು ನಡೆಯುವುದೇ ಇಲ್ಲ.

ಇನ್ನೆರಡು ಮನೆಗಳು

ಅಜ್ಜಂಪುರ ಕಡೆ ಈರುಳ್ಳಿ ಬೆಳೆಯುವ ಒಂದು ಮನೆ. ಕಡೂರಿನ ಅನುಭವದ ಮೇಲೆ ನಾವು ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ ಕಲಿಸಿದೆವು. ಆ ಮನೆಯಲ್ಲಿ ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಕೆಂಪು ಪೆನ್ಸಿಲಿನ ಗುರುತು ಹಾಕುವವರು ಯಜಮಾನರು. "ಮೊದಮೊದಲು ಕಷ್ಟ ಆಯ್ತು ಸಿಸ್ಟರ್. ಈಗ ಅವಳಿಗೆ ಯಾವಾಗ ಹೊಟ್ಟೆನೋವು, ಯಾವಾಗ ಸುಸ್ತು ಅಂತ ನಂಗೆ ಗೊತ್ತಾಗುತ್ತೆ" ಎಂದರು. ಎರಡು ಮಕ್ಕಳ ನಡುವೆ ನಾಲ್ಕು ವರ್ಷ ಅಂತರ. ಆಕೆ ಹೇಳಿದ್ದು ಒಂದೇ ಮಾತು: "ಈಗ ಕೇಳ್ತಾರೆ."

ತರೀಕೆರೆ ಕಡೆ ಇನ್ನೊಂದು ಮನೆ, ಪ್ರೊಟೆಸ್ಟೆಂಟ್ ಸಭೆಯವರು. ಆಕೆಗೆ ಮುಟ್ಟು ಸರಿಯಿಲ್ಲ, ರಕ್ತಹೀನತೆ ಬೇರೆ. ಬೇಗ ಮತ್ತೆ ಬಸುರಾದರೆ ಅಪಾಯ ಎಂದು ವೈದ್ಯರು ಹೇಳಿದ್ದರು. ಇಬ್ಬರೂ ಕೂತು ಮಾತಾಡಿದರು, ಪ್ರಾರ್ಥಿಸಿದರು, ತಮ್ಮ ಪಾಸ್ಟರರನ್ನೂ ಕೇಳಿದರು. ಒಂದು ತಿಂಗಳು ಬಿಟ್ಟು ಗಂಡ ತಾನೇ ಮುಂದೆ ಬಂದು, ಆಪರೇಶನ್ ತನಗೇ ಆಗಲಿ ಎಂದ. ಇದು ನಮ್ಮ ಧರ್ಮಸಭೆಯ ದಾರಿಯಲ್ಲ. ಆದರೂ ಹೆಂಡತಿಯ ಭಾರವನ್ನು ಅವನು ಹೊತ್ತುಕೊಂಡ ರೀತಿಯನ್ನು ಗೌರವಿಸದೆ ಇರಲು ನಮ್ಮಿಂದ ಆಗಲಿಲ್ಲ.

ಯಾಕೆಂದರೆ ನಮ್ಮ ರಾಜ್ಯದ ಲೆಕ್ಕ ನೋಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ವಿವಾಹಿತ ಮಹಿಳೆಯರಲ್ಲಿ 100ಕ್ಕೆ 57 ಮಂದಿ ಆಪರೇಶನ್ ಮಾಡಿಸಿಕೊಂಡವರು. ಗಂಡಸರ ಆಪರೇಶನ್ ಹೆಚ್ಚುಕಡಿಮೆ ಸೊನ್ನೆ. ಗಂಡಸರದ್ದು ಹೊಟ್ಟೆ ಕೊಯ್ಯದ, ಚಿಕ್ಕ ಆಪರೇಶನ್. 1975–77ರ ತುರ್ತು ಪರಿಸ್ಥಿತಿಯಲ್ಲಿ ದೇಶದ ಹಲವೆಡೆ ಗಂಡಸರಿಗೆ ಬಲವಂತದಿಂದ ಮಾಡಿದ ಆಪರೇಶನ್‌ಗಳ ಭಯ ಬಹುಕಾಲ ಉಳಿಯಿತು. ಭಾರವೆಲ್ಲ ಹೆಣ್ಣಿನ ಮೇಲೆ ಬಿತ್ತು. ಆಪರೇಶನ್ ಹೆಂಡತಿಗೆ, ಮಾತ್ರೆ ಹೆಂಡತಿಗೆ, ದಿನ ಎಣಿಸುವುದೂ ಹೆಂಡತಿಗೇ ಆದರೆ ಗಂಡನ ಪಾಲು ಯಾವುದು?

ಆ ಸಹೋದರಿಗೆ ನಾವು ಹೇಳಿದ್ದು

ಕೆಲವು ವಾರ ಬಿಟ್ಟು ನಾವು ಮತ್ತೆ ಅವಳ ಮನೆಗೆ ಹೋದೆವು. ಬೋಧನೆಯನ್ನು ಬದಲಿಸಲು ನಮಗೆ ಅಧಿಕಾರವಿಲ್ಲ, ಬದಲಿಸಲೂ ಇಲ್ಲ. ಆದರೆ ಹೇಳಿದೆವು: "ನಿನ್ನ ಪರಿಸ್ಥಿತಿಯನ್ನು ದೇವರು ಬಲ್ಲ. ಧರ್ಮಸಭೆಯಲ್ಲಿ ನಿನಗೆ ಜಾಗ ಇಲ್ಲ ಅಂತ ತಿಳ್ಕೋಬೇಡ. ಪಾಪನಿವೇದನೆಯಲ್ಲಿ ಫಾದರ್ ಹತ್ತಿರ ಎಲ್ಲವನ್ನೂ ಹೇಳು, ಗಂಡ ಕುಡಿದು ಬರೋದನ್ನೂ ಹೇಳು. ವಂಕಿಯ ತಪಾಸಣೆ ತಪ್ಪಿಸಬೇಡ. ಹೊಡೆತ, ಬಲವಂತ ಆದರೆ ಸುಮ್ಮನಿರಬೇಡ." ಬಲವಂತದ ಕೂಟ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ಹಿಂಸೆಯೇ. ಮಹಿಳಾ ಸಹಾಯವಾಣಿ 181.

ಅವಳ ಯಜಮಾನರು ಇನ್ನೂ ನಮ್ಮ ತರಬೇತಿಗೆ ಬಂದಿಲ್ಲ. ಕರೆಯುತ್ತಲೇ ಇದ್ದೇವೆ. ಅವಳು ಮಾತ್ರ ಈಗ ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಕೂರುತ್ತಾಳೆ.

ಸಂಘದ ಸಭೆಯಲ್ಲಿ ಚರ್ಚಿಸಿ

1. ಮುಟ್ಟಿನ 1ನೇ ದಿನ ಯಾವುದು? ಎಲ್ಲರೂ ಒಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿ ತೋರಿಸಿ.
2. ಯಾರಿಗೆ ಮಣಿ ವಿಧಾನ ಹೊಂದುವುದಿಲ್ಲ? ಮೂರು ಉದಾಹರಣೆ ಕೊಡಿ.
3. ಎಷ್ಟು ಮಕ್ಕಳು ಎಂಬುದನ್ನು ನಮ್ಮ ಮನೆಗಳಲ್ಲಿ ಯಾರು ತೀರ್ಮಾನಿಸುತ್ತಾರೆ – ಗಂಡನೋ, ಅತ್ತೆಯೋ, ಇಬ್ಬರೂ ಸೇರಿಯೋ?
4. ಈ ಕರಪತ್ರವನ್ನು ಮನೆಗೆ ಒಯ್ದು ಯಜಮಾನರಿಗೆ ಓದಿ ಹೇಳಲು ಎಷ್ಟು ಮಂದಿಗೆ ಧೈರ್ಯವಿದೆ? ಇಲ್ಲದವರಿಗೆ ಸಂಘ ಏನು ಸಹಾಯ ಮಾಡಬಹುದು?

ನಾಲ್ಕನೇ ಪ್ರಶ್ನೆಗೆ ಕೈ ಎತ್ತದವರನ್ನು ಯಾರೂ ನಗಬೇಡಿ. ಅವರ ಪಕ್ಕದಲ್ಲಿ ಹೋಗಿ ಕೂತುಕೊಳ್ಳಿ. ಮುಂದಿನ ತಿಂಗಳು ನಾವು ಬಂದಾಗ ಯಜಮಾನರನ್ನೂ ಕರೆತನ್ನಿ. ಜಮಖಾನ ಮಡಿಸುವ ಮುಂಚೆಯೇ ಮಾತಾಡೋಣ.