ಕಿಡ್ನಿ ರೋಗಿಗೆ ರಕ್ತ ಎಷ್ಟಿರಬೇಕು?

ಪ್ರಶ್ನೆ: ನಮ್ಮ ತಂದೆಯವರಿಗೆ ಕಿಡ್ನಿ ಫೇಲಾಗಿ ಡಯಾಲಿಸಿಸ್ ನಡೆದಿದೆ. ಹಿಮೋಗ್ಲೋಬಿನ್ 7ರ ಆಸುಪಾಸಿನಲ್ಲೇ ಇದೆ. ರಕ್ತ ಕಡಿಮೆಯಿದ್ದರೆ ಜೀವಕ್ಕೂ ಅಪಾಯವೇ? ಎಲ್ಲರಂತೆ 14ಕ್ಕೆ ಏರಿಸಲು ಬರುವುದಿಲ್ಲವೇ?
– ಓದುಗರೊಬ್ಬರು, ಸಿಂಧನೂರು

ಉತ್ತರ: 7 ಅಪಾಯವೇ. ಆದರೆ ಔಷಧ ಕೊಟ್ಟು 14ಕ್ಕೆ ಏರಿಸುವುದೂ ಅಪಾಯ.

ಕೆಂಪು ರಕ್ತಕಣ ತಯಾರಿಸುವಂತೆ ಎಲುಬಿನ ಮಜ್ಜೆಗೆ ಸೂಚನೆ ಕೊಡುವ ಎರಿಥ್ರೊಪೊಯೆಟಿನ್ ಎಂಬ ಹಾರ್ಮೋನು ಬಹುಪಾಲು ಹುಟ್ಟುವುದು ಕಿಡ್ನಿಯಲ್ಲೇ. ಕಿಡ್ನಿ ಸೊರಗಿದಂತೆ ಅದೂ ಇಳಿಯುತ್ತದೆ. ಸುಮಾರು 120 ದಿನ ಬಾಳಬೇಕಾದ ಕೆಂಪು ಕಣ ಬೇಗ ಸಾಯುತ್ತದೆ. ಡಯಾಲಿಸಿಸ್ ನಳಿಗೆಯಲ್ಲಿ, ಪದೇ ಪದೇ ಮಾಡಿಸುವ ಪರೀಕ್ಷೆಗಳಲ್ಲಿ ಒಂದಿಷ್ಟು ರಕ್ತ ಹೋಗುತ್ತದೆ.

ಇದರ ಭಾರ ಬೀಳುವುದು ಹೃದಯದ ಮೇಲೆ. ನಾಲೆಯಲ್ಲಿ ನೀರು ಕಡಿಮೆಯಾದಾಗ ಕೊನೆಭಾಗದ ಗದ್ದೆಯ ಪಂಪ್‌ಸೆಟ್ಟು ಹಗಲೂ ರಾತ್ರಿ ಓಡುವ ಹಾಗೆ, ಅದೇ ಆಮ್ಲಜನಕ ಮುಟ್ಟಿಸಲು ಹೃದಯ ಹೆಚ್ಚು ದುಡಿಯುತ್ತದೆ. ಎಡ ಹೃತ್ಕುಕ್ಷಿ ಹಿಗ್ಗುತ್ತದೆ, ಗೋಡೆ ದಪ್ಪವಾಗುತ್ತದೆ, ಕೊನೆಗೆ ಸೋಲುತ್ತದೆ. ಡಯಾಲಿಸಿಸ್ ರೋಗಿಗಳನ್ನು ವರ್ಷಗಟ್ಟಲೆ ಗಮನಿಸಿ 1996ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನದಲ್ಲಿ, ಹಿಮೋಗ್ಲೋಬಿನ್ 1 ಗ್ರಾಂ ಇಳಿದರೆ ಸಾವಿನ ಸಂಭವ ಸುಮಾರು 14% ಹೆಚ್ಚುವುದು ಕಂಡುಬಂತು.

ಹಾಗಾದರೆ ಏರಿಸಿಬಿಟ್ಟರಾಯಿತಲ್ಲ ಎಂದು ವೈದ್ಯಲೋಕವೂ ನಂಬಿತ್ತು. ಪ್ರಯೋಗಾಲಯದಲ್ಲಿ ತಯಾರಿಸಿದ ಎರಿಥ್ರೊಪೊಯೆಟಿನ್, ಅಂದರೆ ಈಗ ‘ಎಪೊ ಇಂಜೆಕ್ಷನ್’ ಎನ್ನುವುದು, 1989ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂತು. ರಕ್ತ ಏರಿತು, ಸುಸ್ತು ಇಳಿಯಿತು. ಆದರೆ ಪೂರ್ತಿ ಸಾಮಾನ್ಯ ಮಟ್ಟಕ್ಕೆ ಏರಿಸಲು ಹೋದ 1998ರ ಪ್ರಯೋಗವನ್ನು ನಡುವೆಯೇ ನಿಲ್ಲಿಸಬೇಕಾಯಿತು; ಹೆಚ್ಚು ಏರಿಸಿದ ಗುಂಪಿನಲ್ಲೇ ಸಾವು, ಹೃದಯಾಘಾತ ಹೆಚ್ಚು ಕಂಡವು. 2009ರಲ್ಲಿ ಪ್ರಕಟವಾದ, 4,000ಕ್ಕೂ ಹೆಚ್ಚು ಮಧುಮೇಹಿ ಕಿಡ್ನಿ ರೋಗಿಗಳ ಪ್ರಯೋಗದಲ್ಲಿ ಸಾವು ಕಡಿಮೆಯಾಗಲಿಲ್ಲ, ಪಾರ್ಶ್ವವಾಯು ಮಾತ್ರ ಹೆಚ್ಚೂಕಡಿಮೆ ಇಮ್ಮಡಿಯಾಯಿತು. ರಕ್ತ ಗಟ್ಟಿಯಾಗುವುದು, ಬಿ.ಪಿ. ಏರುವುದು, ಔಷಧದ ದೊಡ್ಡ ಡೋಸು, ಎಲ್ಲವನ್ನೂ ಸಂಶಯಿಸಲಾಗಿದೆ. ಇನ್ನೊಂದು ಮಾತೂ ಇದೆ: ಸೋಂಕು, ಉರಿಯೂತ, ಅರೆಹೊಟ್ಟೆ ಇರುವವರಲ್ಲೇ ರಕ್ತ ಹೆಚ್ಚು ಇಳಿದಿರುತ್ತದೆ. ಆ ಮೂಲ ಬಾಧೆ ಉಳಿದಿರುವಾಗ ಅಂಕಿಯನ್ನಷ್ಟೇ ಏರಿಸಿದರೆ ಆಯುಷ್ಯ ಏರುವುದಿಲ್ಲ.

ಹೀಗಾಗಿ ಎಪೊ ಪಡೆಯುವವರಲ್ಲಿ ಸಾಮಾನ್ಯವಾಗಿ 10ರಿಂದ 11.5ರ ನಡುವೆ ಇಡಲು ನೋಡುತ್ತಾರೆ. ನಿಮ್ಮ ತಂದೆಯವರ ಗುರಿಯೂ ಅದೇ ಇರಲಿ.

ಕಬ್ಬಿಣಾಂಶ ಸಾಲದಿದ್ದರೆ ಎಪೊ ಕೊಟ್ಟೂ ಫಲವಿಲ್ಲ. ಮೊದಲು ಫೆರಿಟಿನ್ ಮತ್ತು ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ ಪರೀಕ್ಷೆಯಾಗಬೇಕು. ಡಯಾಲಿಸಿಸ್ ರೋಗಿಯ ಕರುಳು ಕಬ್ಬಿಣವನ್ನು ಸರಿಯಾಗಿ ಹೀರುವುದಿಲ್ಲ, ಗುಳಿಗೆಗಿಂತ ನರಕ್ಕೆ ಕೊಡುವ ಕಬ್ಬಿಣವೇ ವಾಸಿ. ಬ್ರಿಟನ್ನಿನಲ್ಲಿ 2,141 ರೋಗಿಗಳ ಮೇಲೆ ನಡೆದು 2018ರಲ್ಲಿ ಹೊರಬಂದ ಪ್ರಯೋಗದಲ್ಲಿ, ಹೀಗೆ ಮುಂಚಿತವಾಗಿ ಕಬ್ಬಿಣ ಕೊಟ್ಟವರಿಗೆ ಎಪೊ ಕಡಿಮೆ ಸಾಕಾಯಿತು. ಸಾವು, ಹೃದಯಾಘಾತ, ಪಾರ್ಶ್ವವಾಯು, ಹೃದಯವೈಫಲ್ಯ ಒಟ್ಟಿಗೆ ಲೆಕ್ಕ ಹಾಕಿದರೆ ಅವೂ ಕಡಿಮೆ. ಮುಂದೆ ಕಿಡ್ನಿ ಕಸಿಯ ಯೋಚನೆಯಿದ್ದರೆ ‘ರಕ್ತ ಏರಿಸಿಬಿಡಿ’ ಎಂದು ಅವಸರ ಮಾಡಬೇಡಿ. ಬೇರೆಯವರ ರಕ್ತದಿಂದ ಹುಟ್ಟುವ ಪ್ರತಿಕಾಯಗಳು ಮುಂದೆ ಹೊಂದುವ ಕಿಡ್ನಿ ಸಿಗುವುದನ್ನೇ ಕಷ್ಟ ಮಾಡುತ್ತವೆ.

ನನಗೆ ಹೆಚ್ಚು ಕಳವಳ ಮನೆಮದ್ದಿನದು. ರಕ್ತ ಕಡಿಮೆ ಎಂದೊಡನೆ ಬಂಧುಗಳು ಪ್ರೀತಿಯಿಂದಲೇ ಖರ್ಜೂರ, ದಾಳಿಂಬೆ, ಬೀಟ್‌ರೂಟ್, ನುಗ್ಗೆಸೊಪ್ಪು ತರುತ್ತಾರೆ. ಬೇರೆಯವರಿಗೆ ಒಳ್ಳೆಯದಾದರೂ ಡಯಾಲಿಸಿಸ್ ರೋಗಿಯಲ್ಲಿ ಇವುಗಳ ಪೊಟ್ಯಾಸಿಯಂ ಹೊರಹೋಗದೆ ಏರಿ ಹೃದಯವನ್ನೇ ನಿಲ್ಲಿಸಬಹುದು. ವೈದ್ಯರನ್ನು ಕೇಳದೆ ಕೊಡಬೇಡಿ.

ಮುಂದಿನ ಡಯಾಲಿಸಿಸ್‌ಗೆ ಹೋದಾಗ ಕಬ್ಬಿಣಾಂಶದ ಪರೀಕ್ಷೆ ಯಾವಾಗ ಆಗಿದೆ, ಎಪೊ ಡೋಸೆಷ್ಟು, ಬಿ.ಪಿ. ಹತೋಟಿಯಲ್ಲಿದೆಯೇ, ಎಲ್ಲಾದರೂ ರಕ್ತ ಸೋರುತ್ತಿದೆಯೇ ಎಂದು ಕೇಳಿ. ಎದೆನೋವು ಬಂದರೆ, ಮಲಗಿದಾಗ ಉಸಿರು ಕಟ್ಟಿದರೆ, ಮಲ ಕಪ್ಪಗಾದರೆ ಮುಂದಿನ ಸರದಿಗೆ ಕಾಯದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.